ಕಪ್ಪು ಕಾರಿನ ಬಣ್ಣ ಗೀರಿಲ್ಲದೆ ಉಳಿಯಲು: ಪದೇ ಪದೇ ಕೇಳುವ ಪ್ರಶ್ನೆಗಳು

ತೊಳೆದು ಒಣಗಿಸಿದ ಅರ್ಧ ಗಂಟೆ ಕಪ್ಪು ಕಾರಿನಷ್ಟು ಚಂದ ಕಾಣುವ ಕಾರು ಇನ್ನೊಂದಿಲ್ಲ. ಆಮೇಲೆ ಶುರುವಾಗುತ್ತವೆ ಪ್ರಶ್ನೆಗಳು. ಕೆಳಗಿನ ಉತ್ತರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ: ಸುಮ್ನೆ ಕೂತ ಧೂಳಿನಿಂದ ಗೀರು ಬೀಳುವುದಿಲ್ಲ, ಅದನ್ನು ಉಜ್ಜಿದಾಗ ಬೀಳುತ್ತದೆ.

ಕಪ್ಪು ಕಾರಿಗೇ ಯಾಕೆ ಇಷ್ಟೊಂದು ಗೀರು?

ಗೀರು ಎಲ್ಲ ಬಣ್ಣದ ಕಾರಿಗೂ ಬೀಳುತ್ತದೆ. ಕಪ್ಪಿನ ಮೇಲೆ ಎದ್ದು ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಕ್ಲಿಯರ್ ಕೋಟ್ ಎಂಬ ಗಾಜಿನಂಥ ಪದರ ಇರುತ್ತದೆ. ನಮ್ಮ ಕೈ ತಾಗುವುದು ಈ ಕ್ಲಿಯರ್ ಕೋಟ್‌ಗೆ. ಸಾಮಾನ್ಯವಾಗಿ ಎಲ್ಲ ಪದರ ಸೇರಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು 35ರಿಂದ 50 ಮೈಕ್ರಾನ್. ತಲೆಗೂದಲಿನ ಒಂದು ಎಳೆಯೇ 70 ಮೈಕ್ರಾನ್ ಆಸುಪಾಸು ದಪ್ಪ ಇರುತ್ತದೆ ಅಂದರೆ ಲೆಕ್ಕ ಹಾಕಿ.

ಆ ಪದರದಲ್ಲಿ ಗೀರು ಬಿದ್ದರೆ ಗೀರಿನ ಅಂಚು ಬೆಳಕನ್ನು ಚದುರಿಸುತ್ತದೆ. ನಮಗೆ ಅದು ಬಿಳಿ ಗೆರೆಯಾಗಿ ಕಾಣುತ್ತದೆ. ಬಿಳಿ ಕಾರಿನ ಮೇಲೆ ಬಿಳಿ ಗೆರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಪ್ಪು ಬಣ್ಣ ಉಳಿದ ಬೆಳಕನ್ನೆಲ್ಲ ಹೀರಿಕೊಳ್ಳುವುದರಿಂದ ಆ ಗೆರೆಗಳು ಮಾತ್ರ ಉಳಿಯುತ್ತವೆ. ಪಕ್ಕದಲ್ಲಿ ನಿಂತ ಬಿಳಿ ಕಾರಿಗೆ ಒಂದೂ ಗೀರಿಲ್ಲ ಅಂತ ಹೊಟ್ಟೆ ಉರಿದುಕೊಳ್ಳಬೇಡಿ. ಅದಕ್ಕೂ ಅಷ್ಟೇ ಇವೆ.

ಬಿಸಿಲಲ್ಲಿ ಜೇಡರಬಲೆಯ ಹಾಗೆ ಸುತ್ತು ಸುತ್ತಾಗಿ ಕಾಣುವ ಗೆರೆಗಳು ಯಾವುವು?

ಅವನ್ನೇ ಸ್ವರ್ಲ್ ಮಾರ್ಕ್ ಅನ್ನುವುದು. ತೊಳೆಯುವಾಗ, ಒರೆಸುವಾಗ ಬಿದ್ದ ಸಾವಿರಾರು ಸಣ್ಣ ಗೀರುಗಳು. ತಮಾಷೆಯೆಂದರೆ ಅವು ನಿಜವಾಗಿ ಸುತ್ತಾಗಿ ಇರಬೇಕೆಂದೇ ಇಲ್ಲ. ಎಲ್ಲ ದಿಕ್ಕಿಗೂ ಬಿದ್ದಿರುತ್ತವೆ. ಒಂದು ದೀಪದ ಬೆಳಕು ಬಿದ್ದಾಗ, ಅದಕ್ಕೆ ಅಡ್ಡಲಾಗಿ ಇರುವ ಗೀರುಗಳು ಮಾತ್ರ ಕಣ್ಣಿಗೆ ಬೆಳಕು ಕಳಿಸುತ್ತವೆ. ಹಾಗಾಗಿ ಬೆಳಕಿನ ಸುತ್ತ ಬಳೆ ಬಳೆಯಾಗಿ ಕಾಣುತ್ತದೆ. ಮೊಬೈಲ್ ಟಾರ್ಚ್ ಹಿಡಿದು ಬಾನೆಟ್ ಮೇಲೆ ಆಚೀಚೆ ಸರಿಸಿ ನೋಡಿ. ಬಲೆಯೂ ಟಾರ್ಚ್ ಜೊತೆಗೇ ಸರಿಯುತ್ತದೆ.

ಹಾಗಾದರೆ ಸುತ್ತು ಹಾಕಿ ಒರೆಸಿದರೂ ನೇರವಾಗಿ ಒರೆಸಿದರೂ ಒಂದೇನಾ? ಪೂರ್ತಿ ಅಲ್ಲ. ನೇರವಾಗಿ ಒರೆಸಿದಾಗ ಅಕಸ್ಮಾತ್ ಗೀರು ಬಿದ್ದರೆ ಅದು ಒಂದೆರಡು ಕೋನದಿಂದ ಮಾತ್ರ ಕಾಣುತ್ತದೆ. ಸುತ್ತು ಹಾಕಿ ಬಿದ್ದದ್ದು ಎಲ್ಲಿ ನಿಂತರೂ ಕಾಣುತ್ತದೆ.

ದಿನಾ ಬೆಳಗ್ಗೆ ಬಟ್ಟೆಯಿಂದ ಧೂಳು ಒರೆಸಿದರೆ ಒಳ್ಳೆಯದಲ್ವಾ?

ಕಪ್ಪು ಕಾರು ಹಾಳಾಗುವುದೇ ಹೆಚ್ಚಾಗಿ ಹೀಗೆ. ರಸ್ತೆಯ ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಮರಳಲ್ಲಿರುವ ಕ್ವಾರ್ಟ್ಜ್‌ನ ಗಡಸುತನ, ಖನಿಜಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ, 7. ಉಕ್ಕಿನ ಚಾಕುವಿನ ಅಲಗು ಕೂಡ ಸುಮಾರು 5.5 ಅಷ್ಟೇ. ಅಷ್ಟು ಗಟ್ಟಿ ಕಣವನ್ನು ಬಟ್ಟೆಯ ಕೆಳಗೆ ಒತ್ತಿ ಬಾನೆಟ್ ತುಂಬಾ ಎಳೆದಾಡಿದರೆ ಏನಾಗಬೇಕೋ ಅದೇ ಆಗುತ್ತದೆ. ಬಟ್ಟೆ ಎಷ್ಟು ಮೆತ್ತಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಗೀರು ಹಾಕುವುದು ಬಟ್ಟೆಯಲ್ಲಿ ಸಿಕ್ಕಿಕೊಂಡ ಕಣ.

ಒದ್ದೆ ಬಟ್ಟೆಯಾದರೆ ಪರವಾಗಿಲ್ಲ ಅನ್ನುವವರಿದ್ದಾರೆ. ಒಂದು ಬಕೆಟ್ ನೀರು, ಅದೇ ಬಟ್ಟೆ ಅದ್ದಿ ಹಿಂಡಿ, ಇಡೀ ಕಾರು ಒರೆಸುವ ಪದ್ಧತಿ ಗೊತ್ತಲ್ಲ? ನಾಲ್ಕನೇ ಸಲ ಅದ್ದುವ ಹೊತ್ತಿಗೆ ಆ ನೀರೇ ಮರಳು ನೀರಾಗಿರುತ್ತದೆ. ಒಣಬಟ್ಟೆಗಿಂತ ಕೊಂಚ ವಾಸಿ, ಅಷ್ಟೇ. ದಿನಾ ಕಾರು ಒರೆಸುವ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿದ್ದರೆ ಗಾಜು, ಕನ್ನಡಿ, ಚಕ್ರ ಮಾತ್ರ ಒರೆಸಿ, ಮೈ ಮುಟ್ಟಬೇಡಿ ಅಂತ ಹೇಳಿಬಿಡಿ. ಕಾರಿನ ಮೇಲೆ ಎರಡು ದಿನ ಧೂಳು ಕೂತಿದ್ದರೆ ನೋಡಿದವರು ಏನಾದರೂ ಅಂದುಕೊಳ್ಳಲಿ. ಧೂಳು ನೀರು ಹಾಕಿದರೆ ಹೋಗುತ್ತದೆ, ಗೀರು ಹೋಗುವುದಿಲ್ಲ.

ಒರೆಸಲೇಬೇಕಾದ ದಿನ, ಅದೂ ಧೂಳು ತೀರಾ ತೆಳ್ಳಗಿದ್ದರೆ, ನೀರಿಲ್ಲದೆ ತೊಳೆಯುವ ವಾಟರ್‌ಲೆಸ್ ವಾಶ್ ಸ್ಪ್ರೇ ಧಾರಾಳವಾಗಿ ಹೊಡೆಯಿರಿ. ಒಂದು ನಿಮಿಷ ನೆನೆಯಲಿ. ಒತ್ತದೆ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ. ಒಂದು ಕಾರಿಗೆ ಏಳೆಂಟು ಬಟ್ಟೆ ಬೇಕಾದರೂ ಆಶ್ಚರ್ಯವಿಲ್ಲ. ಕೆಸರು ಮೆತ್ತಿದ್ದರೆ ಈ ಸ್ಪ್ರೇಯ ಸಹವಾಸವೇ ಬೇಡ.

ಧೂಳು ಹೊಡೆಯುವ ಡಸ್ಟರ್?

ಬೇಡ. ಮೇಣ ಹಚ್ಚಿದ ಎಳೆಗಳು ಧೂಳನ್ನು ಹಿಡಿದುಕೊಳ್ಳುತ್ತವೆ ಅನ್ನುವುದು ನಿಜ. ಹಿಡಿದುಕೊಂಡ ಧೂಳನ್ನು ಮುಂದಿನ ಡೋರಿಗೆ ಉಜ್ಜುತ್ತವೆ ಅನ್ನುವುದೂ ನಿಜ.

ಸರಿಯಾಗಿ ತೊಳೆಯುವುದು ಹೇಗೆ?

ಮೊದಲು ಜಾಗ ಮತ್ತು ಹೊತ್ತು. ನೆರಳು ಬೇಕು, ಬಾನೆಟ್ ತಣ್ಣಗಿರಬೇಕು. ಕಪ್ಪು ಮೈ ಬಿಸಿಲಿಗೆ ಬೇರೆ ಯಾವ ಬಣ್ಣಕ್ಕಿಂತಲೂ ಜಾಸ್ತಿ ಕಾಯುತ್ತದೆ. ಕಾದ ಮೈ ಮೇಲೆ ಶಾಂಪೂ ನೀರು ನಿಮಿಷದಲ್ಲಿ ಒಣಗಿ ಕಲೆಯಾಗುತ್ತದೆ. ಬೆಳಗ್ಗೆ ಬೇಗ ಅಥವಾ ಸಂಜೆ ತೊಳೆಯುವುದು ವಾಸಿ. ಕೈ ಬೆನ್ನು ಇಟ್ಟು ನೋಡಿ, ಬೆಚ್ಚಗಿದ್ದರೆ ಕಾಯಿರಿ.

ಮುಂದಿನ ಕೆಲಸ ಚಕ್ರಗಳದ್ದು. ಬ್ರೇಕಿನ ಪುಡಿ ಅಲ್ಲಿ ಕೂತಿರುತ್ತದೆ, ಅದರಲ್ಲಿ ಕಬ್ಬಿಣದ ಚೂರುಗಳಿರುತ್ತವೆ. ಚಕ್ರಕ್ಕೆ ಬಳಸಿದ ಬ್ರಶ್, ಬಟ್ಟೆ, ಬಕೆಟ್ ಕಾರಿನ ಮೈಗೆ ಯಾವತ್ತೂ ಬರಕೂಡದು. ಕೊನೆಗೆ ತೊಳೆದರಾಯಿತು ಅಂತ ಬಿಟ್ಟರೆ, ತೊಳೆದ ಡೋರಿನ ಮೇಲೆ ಆ ಕೊಳೆ ಸಿಡಿಯುತ್ತದೆ.

ಆಮೇಲೆ ಬರೀ ನೀರು. ಮೇಲಿನಿಂದ ಕೆಳಕ್ಕೆ, ಅವಸರವಿಲ್ಲದೆ. ಇಲ್ಲಿ ಎಷ್ಟು ಕೊಳೆ ಕೈ ತಾಗದೆ ಹೋಗುತ್ತದೋ ಅಷ್ಟು ಗೀರು ಕಡಿಮೆ. ಪ್ರೆಶರ್ ವಾಶರ್ ಇದ್ದರೆ ಅಗಲವಾಗಿ ಹರಡುವ ನಾಝಲ್ ಹಾಕಿ, ಮೈಯಿಂದ ಕನಿಷ್ಠ ಒಂದಡಿ ದೂರ ಹಿಡಿಯಿರಿ. ಬಣ್ಣ ಎದ್ದ ಜಾಗಕ್ಕೆ, ಸ್ಟಿಕ್ಕರ್ ಅಂಚಿಗೆ ನೇರ ಹೊಡೆಯಬೇಡಿ. ಸ್ನೋ ಫೋಮ್ ಇದ್ದರೆ ಈಗ ಹೊಡೆಯಿರಿ. ನೊರೆ ಕೆಳಗಿಳಿಯುತ್ತಾ ಕೊಳೆಯನ್ನು ಸಡಿಲ ಮಾಡುತ್ತದೆ. ಒಣಗಲು ಬಿಡದೆ ಐದು ನಿಮಿಷದೊಳಗೆ ನೀರು ಹಾಕಿ. ನೊರೆ ಹೊಡೆದರೆ ಸಾಕು, ಉಜ್ಜುವುದೇ ಬೇಡ ಅನ್ನುವ ಜಾಹೀರಾತುಗಳನ್ನು ನಂಬಬೇಡಿ. ತೆಳ್ಳನೆಯ ಒಂದು ಪೊರೆ ಕೊಳೆ ಉಳಿದೇ ಉಳಿಯುತ್ತದೆ.

ಆ ಪೊರೆಗಾಗಿ ಎರಡು ಬಕೆಟ್. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ವಾಶ್ ಮಿಟ್ ಅನ್ನುವ ಉದ್ದ ಎಳೆಯ ಮೈಕ್ರೋಫೈಬರ್ ಕೈಚೀಲವನ್ನು ಶಾಂಪೂವಿನಲ್ಲಿ ಅದ್ದಿ, ಒಂದು ಭಾಗ ತೊಳೆದು, ಬರೀ ನೀರಿನಲ್ಲಿ ಜಾಲಾಡಿಸಿ, ಆಮೇಲೆ ಮತ್ತೆ ಶಾಂಪೂವಿಗೆ. ಕೊಳೆಯೆಲ್ಲ ಎರಡನೇ ಬಕೆಟ್‌ನಲ್ಲಿ ಉಳಿಯುತ್ತದೆ. ತಳಕ್ಕೆ ಗ್ರಿಟ್ ಗಾರ್ಡ್ ಜಾಲರಿ ಹಾಕಿದರೆ ಕೆಳಗಿಳಿದ ಮರಳು ಮತ್ತೆ ಮೇಲೆ ಬರುವುದಿಲ್ಲ. ಮೊದಲು ಟಾಪು, ಆಮೇಲೆ ಗಾಜು, ಬಾನೆಟ್, ಡಿಕ್ಕಿ, ಡೋರುಗಳ ಮೇಲ್ಭಾಗ. ಡೋರುಗಳ ಕೆಳಭಾಗ ಮತ್ತು ಬಂಪರ್ ಕೊನೆಗೆ, ಸಾಧ್ಯವಾದರೆ ಬೇರೆ ಮಿಟ್‌ನಿಂದ. ಕೈ ಭಾರ ಹಾಕಬೇಡಿ. ಮಿಟ್ ತನ್ನ ಭಾರಕ್ಕೆ ತಾನೇ ಜಾರಬೇಕು. ಮಿಟ್ ನೆಲಕ್ಕೆ ಬಿತ್ತಾ? ಆ ದಿನದ ಮಟ್ಟಿಗೆ ಅದರ ಕೆಲಸ ಮುಗಿಯಿತು, ಇನ್ನೊಂದು ತೆಗೆಯಿರಿ.

ಸ್ಪಂಜು ಯಾಕೆ ಬೇಡ ಅಂದರೆ, ಅದರ ಮುಖ ಚಪ್ಪಟೆ. ಕಣ ಒಳಗೆ ಹೋಗಲು ಜಾಗವಿಲ್ಲದೆ ಬಣ್ಣಕ್ಕೂ ಸ್ಪಂಜಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಮಿಟ್‌ನ ಎಳೆಗಳು ಕಣವನ್ನು ಒಳಗೆಳೆದುಕೊಳ್ಳುತ್ತವೆ.

ಪಾತ್ರೆ ತೊಳೆಯುವ ಲಿಕ್ವಿಡ್ ಸಾಲದಾ?

ಕೊಳೆ ಹೋಗುತ್ತದೆ, ಜೊತೆಗೆ ಹಚ್ಚಿದ ವ್ಯಾಕ್ಸ್ ಕೂಡ ಸವೆಯುತ್ತದೆ. ಕಾರಿನ ಶಾಂಪೂವಿನಲ್ಲಿ ಜಾರಿಸುವ ಗುಣ ಜಾಸ್ತಿ ಇರುತ್ತದೆ, ಕಪ್ಪು ಕಾರಿಗೆ ಬೇಕಾದ್ದು ಅದೇ. ಪಿಎಚ್ ನ್ಯೂಟ್ರಲ್ ಅಂತ ಬರೆದಿರುವುದನ್ನು ಕೊಳ್ಳಿ. ಬಟ್ಟೆ ಒಗೆಯುವ ಪುಡಿಯಂತೂ ಬೇಡವೇ ಬೇಡ.

ಒಣಗಿಸುವಾಗಲೂ ಗೀರು ಬೀಳುತ್ತದಾ?

ಬೀಳುತ್ತದೆ. ಚೆನ್ನಾಗಿ ತೊಳೆದು, ಒಣಗಿಸುವಾಗ ಕೆಡಿಸುವವರೇ ಜಾಸ್ತಿ. ಕೊನೆಯ ಸಲ ನೀರು ಹಾಕುವಾಗ ಪೈಪಿನ ನಾಝಲ್ ತೆಗೆದು, ಧಾರೆ ನಿಧಾನಕ್ಕೆ ಟಾಪಿನಿಂದ ಹರಿಯಲು ಬಿಡಿ. ನೀರು ಹಾಳೆಯಂತೆ ಜಾರಿ ಮುಕ್ಕಾಲು ಭಾಗ ತಾನೇ ಹೋಗುತ್ತದೆ. ಉಳಿದದ್ದಕ್ಕೆ ದಪ್ಪನೆಯ, ದೊಡ್ಡ ಮೈಕ್ರೋಫೈಬರ್ ಟವೆಲ್. ಹಾಸಿ, ಮೇಲೆ ಅಂಗೈ ಇಟ್ಟು, ಎತ್ತಿ. ಎಳೆಯಲೇಬೇಕಾದರೆ ಎರಡು ಮೂಲೆ ಹಿಡಿದು ಹಗುರವಾಗಿ ಎಳೆಯಿರಿ. ಕನ್ನಡಿ, ಹಿಡಿಕೆ, ನಂಬರ್ ಪ್ಲೇಟಿನ ಸಂದಿಗಳಿಂದ ನೀರು ಆಮೇಲೂ ಸೋರುತ್ತಿರುತ್ತದೆ. ಬ್ಲೋವರ್ ಇದ್ದರೆ ಅಲ್ಲಿಗೆ ಗಾಳಿ ಹೊಡೆಯಿರಿ. ಕೈ ತಾಗದೆ ಒಣಗುವ ದಾರಿ ಅದೊಂದೇ.

ನೀರು ಎಳೆಯುವ ರಬ್ಬರ್ ವೈಪರ್ ಗಾಜಿಗೆ ಮಾತ್ರ. ಅದರ ಅಂಚಿಗೆ ಒಂದು ಕಣ ಸಿಕ್ಕಿದರೂ ಬಾನೆಟ್ ಉದ್ದಕ್ಕೆ ನೇರ ಗೆರೆ ಖಾತ್ರಿ.

ಒಣಗಿದ ಮೇಲೆ ಬಿಳಿ ಚುಕ್ಕೆಗಳು ಉಳಿಯುತ್ತವೆ. ಏನು ಮಾಡಲಿ?

ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಹನಿ ಆರಿದಾಗ ಅದು ಅಲ್ಲೇ ಉಳಿಯುತ್ತದೆ. ಹೊಸ ಚುಕ್ಕೆಯಾದರೆ ಬಿಳಿ ವಿನೆಗರ್ ಮತ್ತು ಡಿಸ್ಟಿಲ್ಡ್ ನೀರು ಸಮಸಮ ಬೆರೆಸಿ ಬಟ್ಟೆಗೆ ಹಾಕಿ, ಚುಕ್ಕೆಯ ಮೇಲೆ ಒಂದು ನಿಮಿಷ ಇಟ್ಟು, ಹಗುರವಾಗಿ ಒರೆಸಿ, ಕೂಡಲೇ ಚೆನ್ನಾಗಿ ತೊಳೆಯಿರಿ. ವಿನೆಗರ್ ಹಾಕಿದಲ್ಲಿ ವ್ಯಾಕ್ಸ್ ಹೋಗಿರುತ್ತದೆ, ಮತ್ತೆ ಹಚ್ಚಬೇಕು. ಚುಕ್ಕೆ ಹಳೆಯದಾಗಿ ಕ್ಲಿಯರ್ ಕೋಟ್ ಒಳಗೇ ತಗ್ಗು ಮಾಡಿದ್ದರೆ ವಿನೆಗರ್ ಕೆಲಸಕ್ಕೆ ಬರುವುದಿಲ್ಲ, ಪಾಲಿಶ್ ಬೇಕು.

ಹಕ್ಕಿ ಹಿಕ್ಕೆ ಹಾಕಿದೆ. ಭಾನುವಾರ ತೊಳೆದರೆ ಆಗಲ್ವಾ?

ಆಗಲ್ಲ. ಇದೊಂದು ವಿಷಯದಲ್ಲಿ ಸೋಮಾರಿತನ ನಡೆಯುವುದಿಲ್ಲ. ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಇರುತ್ತದೆ. ಅದಕ್ಕಿಂತ ಜಾಸ್ತಿ ತೊಂದರೆ ಬಿಸಿಲಿನದ್ದು. ಕಪ್ಪು ಮೈ ಕಾದಾಗ ಕ್ಲಿಯರ್ ಕೋಟ್ ಹಿಗ್ಗಿ ಮೆತ್ತಗಾಗುತ್ತದೆ. ಅದೇ ಹೊತ್ತಿಗೆ ಹಿಕ್ಕೆ ಒಣಗಿ ಗಟ್ಟಿಯಾಗುತ್ತದೆ. ಸಂಜೆ ತಣ್ಣಗಾಗುವಾಗ ಕ್ಲಿಯರ್ ಕೋಟ್ ಆ ಗಟ್ಟಿ ಹಿಕ್ಕೆಯ ಆಕಾರಕ್ಕೇ ಕೂತುಬಿಡುತ್ತದೆ. ಹಿಕ್ಕೆ ತೆಗೆದರೂ ಮಂಕು ಗುರುತು ಉಳಿಯುವುದು ಅದಕ್ಕೇ. ಬಿಸಿಲಿನ ದಿನ ಒಂದೇ ಮಧ್ಯಾಹ್ನ ಸಾಕು.

ಉಗುರಿನಿಂದ ಕೆರೆಯಬೇಡಿ. ಹಿಕ್ಕೆಯಲ್ಲಿ ಬೀಜ, ಮರಳಿನ ಚೂರು ಇರುತ್ತವೆ. ಒದ್ದೆ ಬಟ್ಟೆ ಅಥವಾ ಟಿಶ್ಯೂ ಮೇಲೆ ಹಾಸಿ ಐದು ಹತ್ತು ನಿಮಿಷ ನೆನೆಸಿ, ಆಮೇಲೆ ಚಿವುಟಿದಂತೆ ಎತ್ತಿ. ಡಿಕ್ಕಿಯಲ್ಲಿ ಒಂದು ಬಾಟಲಿ ನೀರು, ಎರಡು ಒಳ್ಳೆಯ ಬಟ್ಟೆ ಯಾವಾಗಲೂ ಇರಲಿ. ಸತ್ತ ಹುಳುಗಳಿಗೂ ಇದೇ ಉಪಾಯ, ನೆನೆಸುವ ಹೊತ್ತು ಸ್ವಲ್ಪ ಜಾಸ್ತಿ.

ಮೈಕ್ರೋಫೈಬರ್ ಬಟ್ಟೆ ಇದ್ದರೆ ಗೀರು ಬೀಳುವುದಿಲ್ಲ ತಾನೇ?

ಶುದ್ಧವಾಗಿದ್ದರೆ ಅಪಾಯ ಕಡಿಮೆ. ಅಂಚಿಗೆ ಗಟ್ಟಿ ಹೊಲಿಗೆ ಇಲ್ಲದ್ದನ್ನು ಕೊಳ್ಳಿ, ಲೇಬಲ್ ಕತ್ತರಿಸಿ ಎಸೆಯಿರಿ. ಮೈಗೆ, ಗಾಜಿಗೆ, ಚಕ್ರಕ್ಕೆ ಬೇರೆ ಬೇರೆ ಬಣ್ಣದ್ದು ಇಟ್ಟುಕೊಂಡರೆ ಅದಲುಬದಲಾಗುವುದಿಲ್ಲ. ಒಗೆಯುವಾಗ ಹತ್ತಿ ಬಟ್ಟೆ ಜೊತೆ ಹಾಕಬೇಡಿ, ಹತ್ತಿಯ ನೂಲೆಲ್ಲ ಇದಕ್ಕೆ ಮೆತ್ತಿಕೊಳ್ಳುತ್ತದೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಎಳೆಗಳು ಮುಚ್ಚಿಹೋಗಿ ನೀರು ಹೀರುವುದನ್ನೇ ಬಿಡುತ್ತವೆ. ಕುದಿಯುವ ನೀರೂ ಬೇಡ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮೈಗೆ ತಾಗಿಸಬೇಡಿ.

ಬ್ರಶ್ ತಿರುಗುವ ಆಟೋಮ್ಯಾಟಿಕ್ ವಾಶ್‌ಗೆ ಕೊಡಬಹುದಾ?

ಕಪ್ಪು ಕಾರನ್ನು ಕೊಡಬೇಡಿ. ನಿಮಗಿಂತ ಮುಂಚೆ ಹೋದ ಕಾರಿನ ಕೆಸರು ಆ ಬ್ರಶ್‌ನಲ್ಲಿ ಇರುತ್ತದೆ. ಬ್ರಶ್ ಇಲ್ಲದ, ನೀರು ನೊರೆ ಮಾತ್ರ ಹೊಡೆಯುವ ಜಾಗ ಸಿಕ್ಕರೆ ಧಾರಾಳವಾಗಿ ಹೋಗಿ.

ಆಗಲೇ ಬಿದ್ದಿರುವ ಗೀರು ಹೋಗುತ್ತದಾ?

ಗೀರಿನ ಮೇಲೆ ಅಡ್ಡಲಾಗಿ ಉಗುರು ಆಡಿಸಿ. ಉಗುರು ತಡೆಯದಿದ್ದರೆ ಅದು ಕ್ಲಿಯರ್ ಕೋಟ್‌ನ ಮೇಲ್ಮೈಯಲ್ಲಿದೆ, ಪಾಲಿಶ್‌ನಲ್ಲಿ ಹೋಗುವ ಸಂಭವ ಜಾಸ್ತಿ. ಉಗುರು ಸಿಕ್ಕಿಕೊಂಡರೆ ಆಳ ಜಾಸ್ತಿ. ಅದನ್ನು ಮಂಕು ಮಾಡಬಹುದು, ಪೂರ್ತಿ ತೆಗೆಯಲು ಹೋಗಬಾರದು. ಒಳಗೆ ಬಿಳಿ, ಬೂದು ಅಥವಾ ತಗಡು ಕಂಡರೆ ಟಚ್ ಅಪ್ ಬಣ್ಣವೇ ಗತಿ. ತಗಡು ಕಂಡ ಜಾಗವನ್ನು ತುಕ್ಕು ಹಿಡಿಯುವ ಮುಂಚೆ ಮುಚ್ಚಿ. ಕಪ್ಪಿನಲ್ಲೂ ಹಲವು ಬಗೆ ಇರುತ್ತವೆ, ಕಾರಿನ ಪೇಂಟ್ ಕೋಡ್ ನೋಡಿಯೇ ಬಣ್ಣ ಕೊಳ್ಳಿ. ಹೆಚ್ಚಿನ ಕಾರುಗಳಲ್ಲಿ ಅದು ಡೋರಿನ ಚೌಕಟ್ಟಿನ ಸ್ಟಿಕ್ಕರ್ ಮೇಲೋ ಬಾನೆಟ್ ಒಳಗೋ ಇರುತ್ತದೆ.

ಪಾಲಿಶ್ ಅಂದರೆ ಗೀರು ತುಂಬುವುದಲ್ಲ ಅನ್ನುವುದು ತಿಳಿದಿರಲಿ. ಗೀರಿನ ಆಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸುವುದು. ಒಂದು ಸಲ ಪಾಲಿಶ್ ಮಾಡಿದರೆ ಕೆಲವು ಮೈಕ್ರಾನ್ ಹೋಗುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಬಿಸಿಲಿನಿಂದ ಬಣ್ಣ ಕಾಪಾಡುವುದೂ ಇದೇ ಪದರ. ಹಾಗಾಗಿ ಪ್ರತಿ ಸರ್ವಿಸ್‌ನಲ್ಲೂ 'ರಬ್ಬಿಂಗ್ ಪಾಲಿಶ್ ಮಾಡಿಬಿಡ್ತೀವಿ ಸಾರ್' ಅಂದರೆ ಬೇಡ ಅನ್ನಿ. ಮಾಡಿಸುವುದಾದರೆ ಬಣ್ಣದ ದಪ್ಪ ಅಳೆಯುವ ಮೀಟರ್ ಇರುವವರ ಹತ್ತಿರ ಮಾಡಿಸಿ. ಸ್ವಂತ ಮಾಡುವವರು ತಿರುಗುತ್ತಲೇ ಆಚೀಚೆಯೂ ಅಲುಗುವ ಡ್ಯುಯಲ್ ಆ್ಯಕ್ಷನ್ ಮೆಷಿನ್ ತೆಗೆದುಕೊಳ್ಳಿ. ಒಂದೇ ದಿಕ್ಕಿಗೆ ತಿರುಗುವ ರೋಟರಿ ಮೆಷಿನ್ ಅನುಭವವಿಲ್ಲದ ಕೈಯಲ್ಲಿ ಬಿಸಿ ಹುಟ್ಟಿಸಿ ಅಂಚುಗಳಲ್ಲಿ ಬಣ್ಣ ಸುಡುತ್ತದೆ, ಕಪ್ಪಿನ ಮೇಲೆ ಹೊಲೊಗ್ರಾಮ್‌ನಂಥ ಪಟ್ಟೆ ಬಿಡುತ್ತದೆ.

ಮಾಡಿದ ದಿನ ಫಳಫಳ, ನಾಲ್ಕು ಸಲ ತೊಳೆದ ಮೇಲೆ ಗೀರೆಲ್ಲ ವಾಪಸ್. ಹೀಗಾದರೆ ಗೀರು ಹೋಗಿರಲಿಲ್ಲ, ಎಣ್ಣೆಯಂಥ ಫಿಲ್ಲರ್ ಹಚ್ಚಿ ಮುಚ್ಚಿದ್ದರು ಅಂತ ಅರ್ಥ.

ಟೂತ್‌ಪೇಸ್ಟ್ ಬಗ್ಗೆಯೂ ಕೇಳುತ್ತೀರಿ. ಅದರಲ್ಲಿ ಉಜ್ಜುವ ಪುಡಿ ಇರುವುದರಿಂದ ಒಂದು ಗೀರು ಮಾಸಬಹುದು. ಅದರ ಸುತ್ತ ಅಂಗೈ ಅಗಲದ ಮಬ್ಬು ಬರುತ್ತದೆ. ಹಲ್ಲಿಗೇ ಇರಲಿ.

ಮೈ ಸವರಿದರೆ ತರಿತರಿ ಅನ್ನಿಸುತ್ತದೆ. ತೊಳೆದರೂ ಹೋಗುತ್ತಿಲ್ಲ.

ಬ್ರೇಕಿನ ಕಬ್ಬಿಣದ ಪುಡಿ, ಟಾರು, ಕೈಗಾರಿಕಾ ಹೊಗೆಯ ಕಣ ಬಣ್ಣಕ್ಕೆ ಅಂಟಿಕೊಂಡಿವೆ. ಮೊದಲು ಐರನ್ ರಿಮೂವರ್ ಹೊಡೆಯಿರಿ. ಕಬ್ಬಿಣ ಸಿಕ್ಕಲ್ಲಿ ಅದು ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕಪ್ಪಿನ ಮೇಲೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಅಂಟಿದ ಕಣವನ್ನು ಎತ್ತುವ ಮೆತ್ತನೆಯ ಜೇಡಿಯಂಥ ಮುದ್ದೆ. ಜಾರುವ ದ್ರವ ಧಾರಾಳವಾಗಿ ಹಾಕಿ, ಕ್ಲೇ ಮಡಚುತ್ತಾ ಹಗುರವಾಗಿ ಆಡಿಸಿ. ಕ್ಲೇ ಮಾಡಿದರೆ ಕಪ್ಪಿನ ಮೇಲೆ ಸಣ್ಣ ಗೀರು ಬೀಳುವ ಸಂಭವ ಇದ್ದೇ ಇದೆ. ಪಾಲಿಶ್ ಮಾಡಿಸುವ ಮುಂಚೆ ಮಾಡುವುದು ಸರಿ. ಸುಮ್ನೆ ತಿಂಗಳಿಗೊಮ್ಮೆ ಮಾಡುವ ಕೆಲಸ ಇದಲ್ಲ.

ವ್ಯಾಕ್ಸ್, ಸೀಲಂಟ್, ಸಿರಾಮಿಕ್, ಪಿಪಿಎಫ್: ಯಾವುದು?

ಕಾರ್ನೌಬಾ ವ್ಯಾಕ್ಸ್ ಕಪ್ಪಿಗೆ ಒಳ್ಳೆಯ ಆಳ ಕೊಡುತ್ತದೆ. ಕೆಲವು ವಾರಗಳಿಂದ ಎರಡು ಮೂರು ತಿಂಗಳು ಬಾಳುತ್ತದೆ. ಕಾರಿನ ಜೊತೆ ಸಮಯ ಕಳೆಯುವುದು ಇಷ್ಟ ಇದ್ದರೆ ಇದಕ್ಕಿಂತ ಖುಷಿ ಇಲ್ಲ. ಸಿಂಥೆಟಿಕ್ ಸೀಲಂಟ್ ಇನ್ನೂ ಕೆಲವು ತಿಂಗಳು ಜಾಸ್ತಿ ಇರುತ್ತದೆ.

ಸಿರಾಮಿಕ್ ಕೋಟಿಂಗ್ ಬಗ್ಗೆ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು. 9ಎಚ್ ಗಡಸು, ಗೀರೇ ಬೀಳಲ್ಲ ಅಂತ ಮಾರುತ್ತಾರೆ. ಆ 9ಎಚ್ ಪೆನ್ಸಿಲ್ ಗಡಸುತನದ ಪರೀಕ್ಷೆಯದ್ದು, ಮೇಲೆ ಹೇಳಿದ ಮೋಸ್ ಅಳತೆಯದ್ದಲ್ಲ. 9ಎಚ್ ಪೆನ್ಸಿಲ್‌ನಿಂದ ಗೀರಿದಾಗ ಗುರುತು ಬೀಳಲಿಲ್ಲ ಅಂದರೆ ಮರಳಿನಿಂದಲೂ ಬೀಳುವುದಿಲ್ಲ ಅಂತಲ್ಲ. ಪದರದ ದಪ್ಪವೂ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ಮಾತ್ರ. ಅದರ ನಿಜವಾದ ಉಪಯೋಗ ಬೇರೆ: ನೀರು, ಕೊಳೆ ನಿಲ್ಲದೆ ಜಾರುತ್ತದೆ, ತೊಳೆಯುವುದು ಸುಲಭವಾಗುತ್ತದೆ, ಉಜ್ಜುವುದು ಕಡಿಮೆಯಾಗುತ್ತದೆ. ಹಾಗೆ ಗೀರೂ ಕಡಿಮೆ. ಅದಕ್ಕಾಗಿ ಮಾಡಿಸುವುದಾದರೆ ಮಾಡಿಸಿ. ಮೊದಲು ಪಾಲಿಶ್ ಆಗಿರಬೇಕು. ಇಲ್ಲದಿದ್ದರೆ ಇರುವ ಗೀರುಗಳ ಮೇಲೆಯೇ ಕೋಟಿಂಗ್ ಬೀಳುತ್ತದೆ.

ಗೀರು, ಕಲ್ಲೇಟು ಎರಡನ್ನೂ ನಿಜವಾಗಿ ತಡೆಯುವುದು ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್. 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ, ಅಂದರೆ ಕಾರಿನ ಬಣ್ಣದ ಎಲ್ಲ ಪದರಗಳಿಗಿಂತ ದಪ್ಪ. ಒಳ್ಳೆಯದಾದರೆ ಸಣ್ಣ ಗೀರು ಬಿಸಿಲಿನ ಶಾಖಕ್ಕೆ ತಾನೇ ಮಾಯುತ್ತದೆ. ದುಬಾರಿ, ಅದು ನಿಜ. ಇಡೀ ಕಾರಿಗೆ ಆಗದಿದ್ದರೆ ಬಾನೆಟ್, ಮುಂದಿನ ಬಂಪರ್, ಡೋರ್ ಹಿಡಿಕೆಯ ಹಿಂದಿನ ಬಟ್ಟಲು, ಡಿಕ್ಕಿಯ ಅಂಚಿಗೆ ಮಾತ್ರ ಹಾಕಿಸಿದರೂ ಸಾರ್ಥಕ.

ಕವರ್ ಹಾಕಿ ಮುಚ್ಚಿಟ್ಟರೆ?

ತೊಳೆದ ಕಾರು, ಕಟ್ಟಡದ ಒಳಗೆ, ಒಳಮೈ ಮೆತ್ತಗಿರುವ ಕವರ್: ಒಳ್ಳೆಯದು. ಧೂಳಿದ್ದ ಕಾರಿನ ಮೇಲೆ ಕವರ್ ಎಳೆದರೆ ಅದೂ ಒಣಬಟ್ಟೆಯಲ್ಲಿ ಒರೆಸಿದಂತೆಯೇ. ಬಯಲಲ್ಲಿ ಗಾಳಿಗೆ ಕವರ್ ಪಟಪಟ ಬಡಿಯುತ್ತಿದ್ದರೆ ದಿನವಿಡೀ ಉಜ್ಜುತ್ತಲೇ ಇರುತ್ತದೆ.

ಕಿಟಕಿ ಪಕ್ಕದ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳು ಮೈಗಿಂತ ಬೇಗ ಹಾಳಾಗಿವೆ.

ಪಿಯಾನೋ ಬ್ಲ್ಯಾಕ್ ಅನ್ನುವ ಆ ಪ್ಲಾಸ್ಟಿಕ್ ತುಂಬಾ ಮೆದು. ಗಾಜು ಒರೆಸುವ ಬಟ್ಟೆ ಅದರ ಮೇಲೂ ಹೋಗುವುದರಿಂದ ಅಲ್ಲಿ ಗೀರು ಜಾಸ್ತಿ. ಹೊಸದರಲ್ಲೇ ಅವಕ್ಕೆ ಪಿಪಿಎಫ್ ತುಂಡು ಹಾಕಿಸಿಬಿಡಿ.

ಮ್ಯಾಟ್ ಕಪ್ಪಿಗೂ ಇದೆಲ್ಲ ಸೇರುತ್ತದಾ?

ತೊಳೆಯುವ ಕ್ರಮ ಅದೇ. ಪಾಲಿಶ್, ಸಾಮಾನ್ಯ ವ್ಯಾಕ್ಸ್, ಕ್ಲೇ ಮುಟ್ಟಿಸಬೇಡಿ. ಉಜ್ಜಿದ ಜಾಗ ಹೊಳೆಯತೊಡಗುತ್ತದೆ, ಆ ಹೊಳಪನ್ನು ಮತ್ತೆ ಮಂಕು ಮಾಡಲು ಆಗುವುದಿಲ್ಲ. ಮ್ಯಾಟ್‌ಗೆಂದೇ ಬರುವ ಶಾಂಪೂ ಬಳಸಿ.

ಹೊಸ ಕಪ್ಪು ಕಾರು ಬುಕ್ ಮಾಡಿದ್ದೇನೆ. ಮೊದಲೇ ಏನಾದರೂ ಹೇಳಿಡಬೇಕಾ?

ಹೇಳಿಡಬೇಕು, ಅದೂ ಬರವಣಿಗೆಯಲ್ಲಿ. ಡೆಲಿವರಿ ಮುಂಚೆ ಕಾರು ತೊಳೆಯಬೇಡಿ, ಒರೆಸಬೇಡಿ, ಪಾಲಿಶ್ ಹೊಡೆಯಬೇಡಿ, ಧೂಳಿದ್ದಂತೆಯೇ ಕೊಡಿ ಅಂತ ತಿಳಿಸಿ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಕಾರನ್ನು ಅವಸರದಲ್ಲಿ ಒಂದೇ ಬಟ್ಟೆಯಿಂದ ಫಳಫಳ ಮಾಡಿ ನಿಲ್ಲಿಸುವುದುಂಟು. ಹಾಗಾಗಿ ಹೊಸ ಕಾರಿನಲ್ಲೇ ಸ್ವರ್ಲ್ ಇರುವುದು ಅಪರೂಪವಲ್ಲ. ಶೋರೂಮಿನ ಬಿಳಿ ಟ್ಯೂಬ್‌ಲೈಟ್ ಕೆಳಗೆ ಅವು ಕಾಣುವುದಿಲ್ಲ. ಕಾರನ್ನು ಬಿಸಿಲಿಗೆ ತರಿಸಿ, ಅಥವಾ ಮೊಬೈಲ್ ಟಾರ್ಚ್ ಹಿಡಿದು ಟಾಪಿನಿಂದ ಬಂಪರ್‌ವರೆಗೆ ನೋಡಿ. ಗುರುತು ಕಂಡರೆ ಫೋಟೋ ತೆಗೆದು, ಸಹಿ ಹಾಕುವ ಮುಂಚೆಯೇ ಕೇಳಿ. ಸರ್ವಿಸ್‌ಗೆ ಬಿಡುವಾಗಲೂ ಜಾಬ್ ಕಾರ್ಡ್‌ನಲ್ಲಿ 'ವಾಶಿಂಗ್ ಬೇಡ' ಅಂತ ಬರೆಸಿ. ಸ್ಟಿಯರಿಂಗ್‌ಗೂ ಒಂದು ಚೀಟಿ ಅಂಟಿಸಿ, ಯಾಕೆಂದರೆ ಕಾರು ತೊಳೆಯುವವರ ಕೈಗೆ ಜಾಬ್ ಕಾರ್ಡ್ ಹೋಗುವುದಿಲ್ಲ.